ಓಸ್ಕರ್ ಬೋಮೆ

ಓಸ್ಕರ್ ಬೋಮೆ (1870–1938) ಜರ್ಮನಿಯಲ್ಲಿ ಹುಟ್ಟಿ ರಷ್ಯಾದಲ್ಲಿ ಬಾಳಿದ ಟ್ರಂಪೆಟ್ ವಾದಕ, ಶಿಕ್ಷಕ ಮತ್ತು ಸ್ವರಸಂಯೋಜಕ. ಡ್ರೆಸ್ಡೆನ್ ಬಳಿಯ ಪೊಟ್‌ಶಾಪೆಲ್ ಇವರ ಹುಟ್ಟೂರು. ತಂದೆಯೂ ಟ್ರಂಪೆಟ್ ವಾದಕರೇ. ಬುಡಾಪೆಸ್ಟಿನ ಒಪೆರಾ ವಾದ್ಯವೃಂದದಲ್ಲಿ ಕೆಲಕಾಲ ನುಡಿಸಿ, 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ನೆಲೆಸಿದರು. ಅಲ್ಲಿನ ಮಾರಿನ್‌ಸ್ಕಿ ರಂಗಮಂದಿರದಲ್ಲಿ 1921ರವರೆಗೆ ಕಾರ್ನೆಟ್ ನುಡಿಸಿದರು.

ಇವರ ಹೆಸರು ಉಳಿದಿರುವುದು ಮುಖ್ಯವಾಗಿ 1899ರಲ್ಲಿ ಪ್ರಕಟವಾದ ಇ ಮೈನರ್ ಟ್ರಂಪೆಟ್ ಕನ್ಚರ್ಟೊದಿಂದ (ಕೃತಿ 18). 19ನೆಯ ಶತಮಾನದ ದೊಡ್ಡ ಸಂಯೋಜಕರು ಪಿಯಾನೊ, ಪಿಟೀಲುಗಳಿಗೆ ಧಾರಾಳವಾಗಿ ಕನ್ಚರ್ಟೊ ಬರೆದರೂ ಟ್ರಂಪೆಟ್ಟಿನತ್ತ ತಿರುಗಿ ನೋಡಿದ್ದು ಕಡಿಮೆ. ಹಾಗಾಗಿ ವಾದಕರೇ ತಮಗೆ ಬೇಕಾದುದನ್ನು ಬರೆದುಕೊಳ್ಳಬೇಕಾಯಿತು. ಬೋಮೆಯವರ ಕೃತಿ ಬರಿಯ ಬೆರಳ ಚಳಕದ ಪ್ರದರ್ಶನವಲ್ಲ; ಅದರ ನಿಧಾನಗತಿಯ ನಡುಭಾಗ ಪ್ರಾರ್ಥನೆಯ ಧಾಟಿಯದು. ಎ ಶ್ರುತಿಯ ಟ್ರಂಪೆಟ್ಟಿಗಾಗಿ ಬರೆದ ಈ ಕೃತಿಯನ್ನು ಈಗಿನ ಬಿ ಫ್ಲಾಟ್ ವಾದ್ಯದಲ್ಲಿ ಅದೇ ಬೆರಳೊತ್ತಿನಿಂದ ನುಡಿಸಿದರೆ ಎಫ್ ಮೈನರ್ ಕೇಳಿಸುತ್ತದೆ. ಅದು ಎರಡು ಶ್ರುತಿಗಳಲ್ಲೂ ಬಳಕೆಯಲ್ಲಿರಲು ಇದೇ ಕಾರಣ. ಆರು ಹಿತ್ತಾಳೆ ವಾದ್ಯಗಳ ಇ ಫ್ಲಾಟ್ ಮೈನರ್ ಸೆಕ್ಸ್‌ಟೆಟ್ (ಕೃತಿ 30) ಇನ್ನೊಂದು ಮುಖ್ಯ ರಚನೆ.

ಕ್ರಾಂತಿಯ ನಂತರ, 1921ರಿಂದ, ನಗರದ ವಾಸಿಲಿಯೆವ್‌ಸ್ಕಿ ದ್ವೀಪದ ಸಂಗೀತ ಶಾಲೆಯಲ್ಲಿ ಸುಮಾರು ಒಂಬತ್ತು ವರ್ಷ ಪಾಠ ಹೇಳಿದರು. ಎಲ್ಲ ಶ್ರುತಿಗಳಲ್ಲೂ ಅಭ್ಯಾಸ ಮಾಡಿಸುವ ಇವರ 24 ಎಟ್ಯೂಡ್‌ಗಳು (ಕೃತಿ 20) ಸಪ್ಪೆ ಕಸರತ್ತಾಗದೆ ಹಾಡಿನಂತೆ ಸಾಗುತ್ತವೆ. ಸಂಯೋಜಕನೇ ಶಿಕ್ಷಕನೂ ಆದುದರ ಲಾಭವಿದು. ಸ್ಟಾಲಿನ್ ಕಾಲದ ದಮನದಲ್ಲಿ ಬೋಮೆ ಒರೆನ್‌ಬರ್ಗ್‌ಗೆ ಗಡೀಪಾರಾದರು. ಅಲ್ಲಿಯೂ ಪಾಠ ಹೇಳುತ್ತಿದ್ದ ಅವರನ್ನು 1938ರಲ್ಲಿ ಗುಂಡಿಟ್ಟು ಕೊಲ್ಲಲಾಯಿತು.