ತ್ರಾಸು ಇಲ್ಲದ ಮನಿಯಲ್ಲಿ ಬಂಗಾರದ ತೂಕ

ಬೆಳ್ಳಿ ಹಬ್ಬದ ಸಂಚಿಕೆಗೆ ಹಳೆಯ ಕಾಲದ್ದೇನಾದರೂ ಬರೀರಿ ಎಂದು ಮಂಡಳಿಯವರು ಹೇಳಿದಾಗ ನಮಗೆ ನೆನಪಾದದ್ದು ನಮ್ಮ ಆಯಿಯ ಟ್ರಂಕಿನಲ್ಲಿದ್ದ ಮೂರು ರಾಣಿ ರೂಪಾಯಿ. ಅವು ಖರ್ಚಿಗೆ ಇಟ್ಟವಲ್ಲ, ಬಂಗಾರ ತೂಗಲು ಇಟ್ಟವು.

ಹಿಂದೆ ಸಣ್ಣ ತ್ರಾಸು ಇರುತ್ತಿದ್ದುದು ಪತ್ತಾರರ ಮನಿಯಲ್ಲಿ, ಇಲ್ಲವೆ ಸಾವಕಾರರ ಅಂಗಡಿಯಲ್ಲಿ. ಒಕ್ಕಲಿಗರ ಮನಿಯಲ್ಲಿ ಜೋಳ ಅಳೆಯುವ ಸೇರು ಇತ್ತೇ ಹೊರತು ಬಂಗಾರ ತೂಗುವ ಸಾಧನ ಇರಲಿಲ್ಲ. ಆದರೂ ಹಿರಿಯರಿಗೆ ಲೆಕ್ಕ ಬಾಯಿಪಾಠ. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲಿ. ಅಂದರೆ ತೊಲಿಗೆ 96 ಗುಂಜಿ. ಗುಂಜಿ ಎಂದರೆ ಬೇಲಿಯಲ್ಲಿ ಬೆಳೆಯುವ ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ. ಅದು ವಿಷದ ಬೀಜ, ಮಕ್ಕಳ ಕೈಗೆ ಕೊಡಬಾರದು.

ಈ ಲೆಕ್ಕ ಬಹಳ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಎರಡು ಜವೆಗೆ ಒಂದು ಗುಂಜಿ, ಮೂರು ಗುಂಜಿಗೆ ಒಂದು ವಲ್ಲ, ಎಂಟು ವಲ್ಲಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಗದ್ಯಾಣಕ ಎಂದಿದೆ. ನಮ್ಮ ಬಾಗೇವಾಡಿಯ ಬಸವಣ್ಣನವರದೂ ಅದೇ ಶತಮಾನ.

ಮುಂದೆ 1835ರಲ್ಲಿ ಕಂಪನಿ ಸರಕಾರ ಬೆಳ್ಳಿ ರೂಪಾಯಿಯ ತೂಕವನ್ನು ಸರಿಯಾಗಿ ಒಂದು ತೊಲಿ, ಅಂದರೆ 11.66 ಗ್ರಾಂ, ಇಟ್ಟಿತು. ಇದರಿಂದ ಬಡವರ ಮನಿಗೂ ತೂಕದ ಕಲ್ಲು ಬಂದಂತಾಯಿತು. ರೂಪಾಯಿ ಒಂದು ತೊಲಿ, ಬೆಳ್ಳಿಯ ಎಂಟಾಣೆ ಆರು ಮಾಸಿ, ಪಾವಲಿ ಮೂರು ಮಾಸಿ. ಆಯಿ ಒಂದು ನೆಟ್ಟಗಿನ ಕಡ್ಡಿಯ ನಡುವೆ ದಾರ ಕಟ್ಟಿ, ಎರಡೂ ತುದಿಗೆ ಸರಿಸಮ ಮುಚ್ಚಳ ತೂಗುಬಿಟ್ಟು, ಒಂದು ಕಡೆ ಸರ, ಇನ್ನೊಂದು ಕಡೆ ರೂಪಾಯಿ ಇಡುತ್ತಿದ್ದಳು. ಆಮೇಲೆ ಅದಲು ಬದಲು ಮಾಡಿ ಮತ್ತೊಮ್ಮೆ ನೋಡುತ್ತಿದ್ದಳು. “ಒಮ್ಮೆ ನೋಡಿದ್ರ ಕಡ್ಡಿ ಸುಳ್ಳ ಹೇಳತೈತಿ” ಅನ್ನುವವಳು.

1956ರ ಕಾಯಿದೆಯಿಂದ ಗ್ರಾಂ ಬಂತು. ತೂಕ ಬದಲಾಯಿತು, ಮಾತು ಬದಲಾಗಲಿಲ್ಲ. ಪೇಟೆಯಲ್ಲಿ 10 ಗ್ರಾಮಿಗೇ ತೊಲಿ ಎನ್ನುವ ರೂಢಿ ಬಿತ್ತು. ನಮ್ಮ ಮನಿ ಮೋಸ ಹೋದದ್ದು ಇಲ್ಲಿಯೇ.

ನಾವು ಶಾಲೆಗೆ ಹೋಗುವ ಕಾಲ. ಮಳಿ ಹೋಗಿ ಬಿತ್ತನೆ ಕೆಟ್ಟಾಗ ಅಪ್ಪ ಆಯಿಯ ಗುಂಡಿನ ಸರ ಒಯ್ದು ಒಬ್ಬ ಲೇವಾದೇವಿಯವರಲ್ಲಿ ಒತ್ತಿ ಇಟ್ಟರು. “ಎಷ್ಟ ತೊಲಿ?” ಅಂದರು. “ಮೂರು” ಅಂದರು ಅಪ್ಪ. ಅವರು ತೂಗದೆ ಚೀಟಿಯಲ್ಲಿ 30 ಗ್ರಾಂ ಎಂದು ಬರೆದರು. ಹಳೆಯ ಮೂರು ತೊಲಿ ಎಂದರೆ 35 ಗ್ರಾಂ. ಎರಡು ವರ್ಷದ ಮೇಲೆ ಸರ ಬಿಡಿಸಿ ತಂದಾಗ ಆಯಿ ಕಡ್ಡಿಗೆ ಹಾಕಿದಳು. ರೂಪಾಯಿಯ ಮುಚ್ಚಳ ಕೆಳಗೆ, ಸರ ಮೇಲೆ! ಗುಂಡು ಎಣಿಸಿ ಕೊಟ್ಟಿರಲಿಲ್ಲ, ಚೀಟಿ ಅವರ ಪರವಾಗಿತ್ತು. ಕೇಳಲು ದಾರಿ ಉಳಿಯಲಿಲ್ಲ. ನಲವತ್ತು ಗುಂಜಿಯಷ್ಟು ಬಂಗಾರ ಹೋಯಿತು. ಆಯಿ ಅಳಲಿಲ್ಲ, ಆದರೆ ಆ ಸರ ಮತ್ತೆ ಕೊರಳಿಗೆ ಹಾಕಲಿಲ್ಲ.

ಇಂದು ರಾಣಿ ರೂಪಾಯಿ ಇಲ್ಲದವರೂ ಅಂದಾಜು ಮಾಡಬಹುದು. 2012ರ ಇಸವಿ ಇರುವ 5 ರೂಪಾಯಿ ನಾಣ್ಯ 6 ಗ್ರಾಂ, 2 ರೂಪಾಯಿ 4.85, 1 ರೂಪಾಯಿ 3.79 ಗ್ರಾಂ. ಸವೆದ ನಾಣ್ಯ ತೂಕ ಕಡಿಮೆ ಬರುತ್ತದೆ. ಬೋರಮಾಳದ ಗುಂಡಿನೊಳಗೆ ಅರಗು ಇರುತ್ತದೆ, ಹರಳಿನ ಒಡವೆಯಲ್ಲಿ ಹರಳಿನ ಭಾರ ಸೇರುತ್ತದೆ. ಅದನ್ನೆಲ್ಲ ಬಂಗಾರವೆಂದು ಲೆಕ್ಕ ಹಿಡಿಯಬಾರದು. ಕಡ್ಡಿ ತೂಕ ಹೇಳುತ್ತದೆ, ಬಂಗಾರದ ಕಸ ಹೇಳುವುದಿಲ್ಲ. ಅದಕ್ಕೆ ಒರೆಗಲ್ಲೇ ಬೇಕು. ಮನಿಯ ಅಂದಾಜು ಜಗಳಕ್ಕಲ್ಲ, “ಇನ್ನೊಮ್ಮೆ ತೂಗ್ರಿ” ಎಂದು ಕೇಳುವ ಧೈರ್ಯಕ್ಕೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಲಕ್ಕಾಗಿ ಯಾರ ಮುಂದೂ ಕೈಕಟ್ಟಿ ನಿಲ್ಲಬಾರದು ಎಂದು. ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಒಡವೆ ಎಲ್ಲಿಯೇ ಇಡಿರಿ, ನಮ್ಮ ಸಂಘದಲ್ಲೇ ಇಡಿರಿ, ಮನಿಯಲ್ಲಿ ಒಮ್ಮೆ ತೂಗಿ, ಗುಂಡು ಎಣಿಸಿ, ಕಣ್ಣೆದುರು ತೂಗಿಸಿ, ತೊಲಿ ಅಲ್ಲ, ಗ್ರಾಂ ಬರೆಸಿ ಚೀಟಿ ತೊಗೊಳ್ರಿ. ನಿರ್ದೇಶಕರಾದ ನಮ್ಮನ್ನೂ ಕೇಳ್ರಿ. ಕೇಳಿದರೆ ನಮಗೆ ಸಿಟ್ಟಿಲ್ಲ, ಸಂತೋಷ.