ಕಟೌಟ್ ಇಲ್ಲದ ಹೀರೋಗಳು

2024ರ ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬ. ರಾಜಾಜಿನಗರದ ನಮ್ಮ ಬೀದಿಯಲ್ಲಿ ಅರಿಶಿನ ಕುಂಕುಮದ ಓಡಾಟದ ನಡುವೆಯೇ ಸುದ್ದಿ ಬಂತು: 2022ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ! ಜೊತೆಗೆ ಜನಪ್ರಿಯ ಚಿತ್ರದ ಪ್ರಶಸ್ತಿಯೂ ಅದಕ್ಕೇ. 'ಕೆಜಿಎಫ್ 2'ಗೆ ಕನ್ನಡದ ಅತ್ಯುತ್ತಮ ಚಿತ್ರ ಮತ್ತು ಸಾಹಸ ನಿರ್ದೇಶನ. ಬೇಡ ಬೇಡ ಅಂದರೂ ಎಲೆಗೆ ಇನ್ನೊಂದು ಒಬ್ಬಟ್ಟು ಬಿದ್ದ ಹಾಗಾಯ್ತು :-)

ಪಕ್ಕದ ಮನೆಯ ಕಾಲೇಜು ಹುಡುಗ ಕೇಳಿದ, "ಅಂಕಲ್, ಕನ್ನಡದ ಹೀರೋಗೆ ಇದೇ ಫಸ್ಟಾ?" ಅಲ್ಲ ಕಣೋ, ನಾಲ್ಕನೇದು ಅಂದೆ. ಹಿಂದಿನ ಮೂವರಲ್ಲಿ ಅವನಿಗೆ ಗೊತ್ತಿದ್ದದ್ದು ಸಂಚಾರಿ ವಿಜಯ್ ಒಬ್ಬರೇ. "ಮಿಕ್ಕವರು ಹೀರೋಗಳಾ?" ಅಂದ.

ಪ್ರಶ್ನೆ ತಮಾಷೆಯದಲ್ಲ. ನಮ್ಮ ಕಡೆ ಹೀರೋ ಅಂದರೆ ನವರಂಗ್ ಮುಂದೆಯೋ, ಮಾಗಡಿ ರಸ್ತೆಯ ವೀರೇಶ್ ಮುಂದೆಯೋ ಕಟೌಟ್ ನಿಲ್ಲಬೇಕು. ಹಾರ ಬೀಳಬೇಕು, ಹಾಲು ಸುರೀಬೇಕು, ಪಟಾಕಿ ಹೊಡೀಬೇಕು. ದೆಹಲಿಯ ಲೆಕ್ಕವೇ ಬೇರೆ ಇತ್ತು.

1975ನ್ನೇ ತಗೊಳ್ಳಿ. ರಾಜಕುಮಾರ್ 'ಮಯೂರ'ನಾಗಿ ಕತ್ತಿ ಹಿಡಿದ ವರ್ಷ. ಅದೇ ವರ್ಷದ ರಾಷ್ಟ್ರಪ್ರಶಸ್ತಿ ಹೋದದ್ದು 'ಚೋಮನ ದುಡಿ'ಯ ಎಂ.ವಿ. ವಾಸುದೇವರಾವ್ ಅವರಿಗೆ. ರಂಗಭೂಮಿಯಿಂದ ಬಂದ ಹಿರಿಯರು. ಉಳೋಕೆ ಒಂದು ತುಂಡು ಭೂಮಿ ಸಿಗದೆ ದುಡಿ ಬಡಿಯುವ ಚೋಮ. ಬಿ.ವಿ. ಕಾರಂತರ ಆ ಚಿತ್ರಕ್ಕೆ ಸ್ವರ್ಣಕಮಲವೂ ಬಂತು, ಕತೆಗೆ ಶಿವರಾಮ ಕಾರಂತರಿಗೂ ಪ್ರಶಸ್ತಿ.

1986ರಲ್ಲಿ ನಾವೆಲ್ಲ 'ಅನುರಾಗ ಅರಳಿತು' ಗುಂಗಿನಲ್ಲಿದ್ದೆವು. ಪ್ರಶಸ್ತಿ ಬಂದದ್ದು 'ತಬರನ ಕಥೆ'ಯ ಚಾರುಹಾಸನ್‌ಗೆ. ಅವರು ತಮಿಳಿನವರು, ಕಮಲಹಾಸನ್ ಅಣ್ಣ. ತಮಿಳಿನವರಿಗೆ ಕನ್ನಡದಲ್ಲಿ ರಾಷ್ಟ್ರಪ್ರಶಸ್ತಿ! ಮರುವರ್ಷ ತಮ್ಮನಿಗೆ 'ನಾಯಗನ್'ಗೆ ಬಂತು. ತೇಜಸ್ವಿಯವರ ಕತೆ, ಕಾಸರವಳ್ಳಿಯವರ ಚಿತ್ರ. ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನ ತಬರ. ಇದನ್ನು ನಾನು ನೋಡಿದ್ದು ಥಿಯೇಟರಿನಲ್ಲಲ್ಲ, ದೂರದರ್ಶನದಲ್ಲಿ. ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲೇ ಕೂತಿದ್ದರು. ಅವರಲ್ಲಿ ಒಬ್ಬರು ರಿಟೈರಾಗಿ ವರ್ಷ ಕಳೆದರೂ ಪೆನ್ಷನ್ ಕಾಗದ ಬಂದಿರಲಿಲ್ಲ. ಸಿನಿಮಾ ಮುಗಿದ ಮೇಲೆ ಅವರು ಕಾಫಿಗೂ ನಿಲ್ಲದೆ ಎದ್ದು ಹೋದರು. ನನ್ನ ಮಟ್ಟಿಗೆ ಚಾರುಹಾಸನ್‌ಗೆ ಪ್ರಶಸ್ತಿ ಸಿಕ್ಕಿದ್ದು ಅವತ್ತು.

ಆಮೇಲೆ ಇಪ್ಪತ್ತೆಂಟು ವರ್ಷದ ಗ್ಯಾಪು! 2014ರ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. ಹೆಸರಿನ 'ಸಂಚಾರಿ' ಅವರ ನಾಟಕ ತಂಡದ್ದು. 2021ರಲ್ಲಿ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟರು, ಪಾಪ. ಅಂಗಾಂಗ ದಾನ ಮಾಡಿದ್ದು ಓದಿದಾಗ ಕಣ್ಣು ತುಂಬಿ ಬಂತು.

ಇನ್ನು ಅಣ್ಣಾವ್ರು? ಇದು ನನ್ನ ಹಳೇ ಹೊಟ್ಟೆಯುರಿ. ನಟನೆಗೆ ಒಂದೇ ಒಂದು ರಾಷ್ಟ್ರಪ್ರಶಸ್ತಿ ಇಲ್ಲ. ಕೊಟ್ಟದ್ದು ಹಾಡಿದ್ದಕ್ಕೆ, 1992ರ 'ಜೀವನ ಚೈತ್ರ'ಕ್ಕೆ! ಆಮೇಲೆ 1995ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು, ನಿಜ. ದೆಹಲಿಯವರು ಸ್ಟಾರ್‌ಗಳಿಗೆ ಕೊಡೋದೇ ಇಲ್ಲ ಅನ್ನೋ ಹಾಗೂ ಇಲ್ಲ, 1971ರಲ್ಲೇ ಎಂಜಿಆರ್‌ಗೆ 'ರಿಕ್ಷಾಕಾರನ್'ಗೆ ಕೊಟ್ಟಿದ್ದರು. 'ಕಸ್ತೂರಿ ನಿವಾಸ' ಬಂದದ್ದೂ ಅದೇ ವರ್ಷ. ಎರಡನ್ನೂ ನೋಡಿದವರು ನೀವೇ ಹೇಳಿ.

ಹಾಗಾಗಿ ರಿಷಬ್ ಗೆದ್ದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಟಿಕೆಟ್ ಸಿಗದ ಸಿನಿಮಾಕ್ಕೂ ಪದಕ ಬಂತು, ಗೋಡೆ ಬಿತ್ತು ಅಂತ. ನಟರ ಪಟ್ಟಿ ಮಾತ್ರ ನೋಡಿದರೆ ಸರಿಯೇ. ಆದರೆ ನನಗನ್ನಿಸೋದು, ಆ ಗೋಡೆಯ ಇಟ್ಟಿಗೆಗಳನ್ನು ನಮ್ಮ ನಟಿಯರು ಯಾವತ್ತೋ ಕಿತ್ತು ಹಾಕಿದ್ದರು.

ಕನ್ನಡಕ್ಕೆ ಬಂದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಒಟ್ಟು ಆರು: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಕಡೆಯ ನಾಲ್ಕೂ ಕಾಸರವಳ್ಳಿಯವರದ್ದು. ಅದರಲ್ಲಿ 1997ರ 'ತಾಯಿ ಸಾಹೇಬ'ಕ್ಕೆ ದುಡ್ಡು ಹಾಕಿದ್ದು ಯಾರು? 'ಶಂಕರ್ ಗುರು'ವಿನಲ್ಲಿ ರಾಜಕುಮಾರ್ ಜೊತೆ ಕುಣಿದ ಜಯಮಾಲಾ. 2001ರ 'ದ್ವೀಪ'ಕ್ಕೆ? ತೆಲುಗಿನಲ್ಲೂ ಕನ್ನಡದಲ್ಲೂ ಸ್ಟಾರ್ ಆಗಿದ್ದ ಸೌಂದರ್ಯ. ಮುಳುಗಡೆಯ ನಡುವೆ ಗುಡ್ಡ ಬಿಡದೆ ನಿಲ್ಲುವ ನಾಗಿಯ ಪಾತ್ರವನ್ನೂ ತಾನೇ ಮಾಡಿದಳು ಹುಡುಗಿ. 2004ರ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಳು. 'ಆಪ್ತಮಿತ್ರ' ಬಿಡುಗಡೆಯಾದದ್ದು ಅದಾದ ಮೇಲೆ. ಥಿಯೇಟರಿನಲ್ಲಿ ಅವಳು ತೆರೆ ಮೇಲೆ ಬಂದಾಗೆಲ್ಲ ಗಂಟಲು ಕಟ್ಟುತ್ತಿತ್ತು.

ನಟಿಯರ ಪ್ರಶಸ್ತಿಯೂ ಹಾಗೇ. 1973ರಲ್ಲಿ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಗೆದ್ದರು, ಅದು ಹೊಸ ಅಲೆಯ ಕಾಲ. ಆದರೆ 2004ರಲ್ಲಿ 'ಹಸೀನಾ'ಗೆ ಗೆದ್ದ ತಾರಾ, 2007ರಲ್ಲಿ 'ಗುಲಾಬಿ ಟಾಕೀಸ್'ಗೆ ಗೆದ್ದ ಉಮಾಶ್ರೀ ಇಬ್ಬರೂ ನಮ್ಮ ಮಾಮೂಲಿ ಸಿನಿಮಾಗಳ ಮುಖಗಳೇ. ಕಾಮಿಡಿಯಲ್ಲಿ ಉಮಾಶ್ರೀ ಬಾಯಿ ಬಿಟ್ಟರೆ ಶಿಳ್ಳೆ ಹೊಡೆಯುತ್ತಿದ್ದ ಜನ, ಗುಲಾಬಿಯನ್ನು ಎಷ್ಟು ಮಂದಿ ನೋಡಿದರೋ. ಅಂದ ಹಾಗೆ 'ಹಸೀನಾ'ದ ಮೂಲ ಕತೆ ಬಾನು ಮುಷ್ತಾಕ್ ಅವರದ್ದು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಕುಣಿದಾಡಿದೆವು, ಆ ಚಿತ್ರದ ನೆನಪು ಮಾತ್ರ ಕೆಲವರಿಗಷ್ಟೇ ಆಯಿತು.

'ದ್ವೀಪ'ದ ನಂತರ 2023ರ ಸಾಲಿನವರೆಗೆ ಕನ್ನಡಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂದಿಲ್ಲ. 2022ರದ್ದು ಮಲಯಾಳದ 'ಆಟ್ಟಂ', 2023ರದ್ದು ಹಿಂದಿಯ 'ಟ್ವೆಲ್ತ್ ಫೇಲ್'. ಆದರೆ 2024ರ ವೆನಿಸ್ ಚಿತ್ರೋತ್ಸವದಲ್ಲಿ 1977ರ 'ಘಟಶ್ರಾದ್ಧ'ವನ್ನು ಹೊಸದಾಗಿ ಶುಚಿಗೊಳಿಸಿ 4ಕೆ ಪ್ರತಿಯಲ್ಲಿ ತೋರಿಸಿದರು. ಆ ಪ್ರತಿಯನ್ನು ನಮ್ಮ ಕಡೆಯ ಯಾವ ಥಿಯೇಟರಿನವರಾದರೂ ಒಂದೇ ಒಂದು ವಾರ ಮಾರ್ನಿಂಗ್ ಶೋ ಹಾಕಲಿ, ಮೊದಲ ದಿನವೇ ಕ್ಯೂನಲ್ಲಿ ಇರ್ತೀನಿ. ಕಟೌಟ್ ಬೇಡ, ಗೇಟಿಗೆ ಒಂದು ಪೋಸ್ಟರ್ ಅಂಟಿಸಿದರೂ ಸಾಕು.