ಕೋಶದ ಹೊಸ್ತಿಲನ್ನು ದಾಟುವ ನೀರು

ಉಪ್ಪು ಬೆರೆಸಿದ ಮಾವಿನ ಹೋಳುಗಳು ಬೆಳಗಾಗುವುದರೊಳಗೆ ನೀರು ಬಿಟ್ಟು ಮುದುಡುತ್ತವೆ. ನೀರಿನಲ್ಲಿ ನೆನೆಯಿಟ್ಟ ಒಣದ್ರಾಕ್ಷಿಯಾದರೋ ಉಬ್ಬಿ ದುಂಡಗಾಗುತ್ತದೆ. ನಮ್ಮ ಅಡುಗೆಮನೆಗಳಲ್ಲಿ ತಲೆತಲಾಂತರದಿಂದ ಕಂಡುಬಂದಿರುವ ಈ ಎರಡು ಸಂಗತಿಗಳಿಗೂ ಕಾರಣ ಒಂದೇ. ಅದನ್ನು ಸಂಪೂರ್ಣವಾಗಿ ಅರಿಯಲು ವಿಜ್ಞಾನಿಗಳಿಗೆ ಎರಡು ಶತಮಾನಗಳಿಗೂ ಮಿಕ್ಕ ಕಾಲ ಬೇಕಾಯಿತು. ಆ ಅರಿವೇ ಕೊನೆಗೆ ಲಕ್ಷಾಂತರ ಮಕ್ಕಳ ಪ್ರಾಣವನ್ನು ಉಳಿಸಿತೆಂಬುದು ಈ ಚರಿತ್ರೆಯ ಹಿರಿಮೆ.

ಫ್ರಾನ್ಸ್ ದೇಶದ ಪಾದ್ರಿಯೂ ಭೌತವಿಜ್ಞಾನಿಯೂ ಆಗಿದ್ದ ನೊಲೆ ಎಂಬಾತನು 1748ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದರ ಮೊದಲ ಅಧ್ಯಾಯ. ಆತನು ಒಂದು ಪಾತ್ರೆಯಲ್ಲಿ ಮದ್ಯಸಾರವನ್ನು ತುಂಬಿ, ಅದರ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು, ನೀರಿನಲ್ಲಿ ಮುಳುಗಿಸಿಟ್ಟನು. ಕೆಲವು ಗಂಟೆಗಳ ತರುವಾಯ ಪೊರೆಯು ಹೊರಕ್ಕೆ ಉಬ್ಬಿ ನಿಂತಿತ್ತು. ಸೂಜಿಯಿಂದ ಚುಚ್ಚಲು ದ್ರವವು ಕಾರಂಜಿಯಂತೆ ಚಿಮ್ಮಿತು. ನೀರನ್ನು ಒಳಗೂ ಮದ್ಯಸಾರವನ್ನು ಹೊರಗೂ ಇರಿಸಿದಾಗ ಪೊರೆಯು ಒಳಕ್ಕೆ ಕುಗ್ಗಿತು. ಹಾಗಾದರೆ ಈ ಪೊರೆಯು ನೀರಿಗೆ ಸುಲಭವಾಗಿ ದಾರಿ ಬಿಡುತ್ತದೆ, ಮದ್ಯಸಾರಕ್ಕೆ ಅಷ್ಟಾಗಿ ಬಿಡುವುದಿಲ್ಲ ಎಂಬುದು ಸ್ಪಷ್ಟವಾಯಿತು.

1826ರ ಸುಮಾರಿಗೆ ದ್ಯುತ್ರೋಷೆ ಎಂಬ ವೈದ್ಯನು ಸಸ್ಯ ಮತ್ತು ಪ್ರಾಣಿಗಳ ದೇಹದಲ್ಲಿಯೂ ಇದೇ ನಡೆಯುತ್ತಿರುವುದೆಂದು ಸಾರಿದನು. ನಾವು ಇಂದು ಅಭಿಸರಣೆ ಎಂದು ಕರೆಯುವ ಕ್ರಿಯೆಗೆ ಐರೋಪ್ಯ ಭಾಷೆಗಳಲ್ಲಿರುವ ಹೆಸರು ಆತನ ಪದಗಳಿಂದಲೇ ಹುಟ್ಟಿತು. ಜರ್ಮನಿಯ ಸಸ್ಯವಿಜ್ಞಾನಿ ಫೆಫರ್ 1877ರಲ್ಲಿ ಇದನ್ನು ಅಳತೆಗೆ ತಂದನು. ಸುಟ್ಟ ಮಣ್ಣಿನ ಪುಟ್ಟ ಕುಡಿಕೆಯ ಗೋಡೆಯಲ್ಲಿ ಕೃತಕ ಪೊರೆಯನ್ನು ಕಟ್ಟಿ, ಅದರಲ್ಲಿ ಸಕ್ಕರೆಯ ದ್ರಾವಣವನ್ನು ತುಂಬಿ ನೀರಿನಲ್ಲಿರಿಸಿದಾಗ, ಶೇಕಡ 1ರ ದ್ರಾವಣವೇ ಸುಮಾರು 53 ಸೆಂಟಿಮೀಟರ್ ಪಾದರಸವನ್ನು ಎತ್ತುವಷ್ಟು ಒತ್ತಡವನ್ನುಂಟುಮಾಡಿತು. ಸಕ್ಕರೆ ಇಮ್ಮಡಿಯಾದರೆ ಒತ್ತಡವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು.

ಹಾಗಾದರೆ ಜೀವಕೋಶದ ಪೊರೆಯು ಯಾವುದರಿಂದಾದುದು? ಓವರ್ಟನ್ ಎಂಬಾತನು ನೂರಾರು ವಸ್ತುಗಳನ್ನು ಪರೀಕ್ಷಿಸಿ, ಕೊಬ್ಬಿನಲ್ಲಿ ಕರಗುವವು ಬೇಗನೆ ಒಳಹೊಗುವುವೆಂದು 1899ರ ವೇಳೆಗೆ ತೋರಿಸಿಕೊಟ್ಟನು. ಪೊರೆಯೂ ಕೊಬ್ಬಿನಂಥ ವಸ್ತುವೇ ಇರಬೇಕೆಂದು ಊಹಿಸಿದನು. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ಚರು ಅದು ಎರಡು ಪದರಗಳ ಹೊದಿಕೆಯೆಂದರು.

ಇಲ್ಲಿ ಒಂದು ತೊಡಕುಂಟು. ಉಪ್ಪಾಗಲಿ ಸಕ್ಕರೆಯಾಗಲಿ ಕೊಬ್ಬಿನಲ್ಲಿ ಕರಗುವುದಿಲ್ಲ. ಆದರೂ ಅವಿಲ್ಲದೆ ಕೋಶವು ಬದುಕಲಾರದು. ಅವು ಒಳಹೊಗುವ ಬಗೆಯೇನು? ಡೆನ್ಮಾರ್ಕಿನ ಸ್ಕೌ 1957ರಲ್ಲಿ ಏಡಿಯ ನರಗಳನ್ನು ಪರೀಕ್ಷಿಸಿ, ಪೊರೆಯಲ್ಲಿರುವ ಒಂದು ಪ್ರೋಟೀನು ಕೋಶದ ಶಕ್ತಿಯನ್ನು ವ್ಯಯಿಸುವುದೆಂದು ತೋರಿಸಿದನು. ಉಪ್ಪಿನ ಅಂಶವಾದ ಸೋಡಿಯಮ್ಮನ್ನು ಏತದಂತೆ ಹೊರಹಾಕುವುದು ಇದರ ಕೆಲಸ. ಹೀಗೆ ಒಳಗೆ ಕಡಿಮೆಯಾದ ಸೋಡಿಯಂ ಮರಳಿ ಒಳಬರಲು ಹವಣಿಸುತ್ತಿರುತ್ತದೆ. ಕರುಳಿನ ಕೋಶಗಳಲ್ಲಿ ಅದು ಗ್ಲೂಕೋಸನ್ನು ಕೈಹಿಡಿದು ಜೊತೆಗೇ ಕರೆದುಕೊಂಡು ಬರುವುದೆಂದು ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ ವಿವರಿಸಿದನು. ಇವೆರಡೂ ಒಳಹೊಕ್ಕ ಕಡೆಗೆ ನೀರೂ ಹಿಂಬಾಲಿಸುತ್ತದೆ. ನೊಲೆಯ ಪಾತ್ರೆಯನ್ನು ಹೊಕ್ಕ ಹಾಗೆಯೇ.

ಕಾಲರಾ ರೋಗದಲ್ಲಿ ಮನುಷ್ಯನು ಸಾಯುವುದು ನೀರು ಮತ್ತು ಲವಣಗಳು ಬರಿದಾಗುವುದರಿಂದ. ರೋಗಾಣುವಿನ ವಿಷವು ಕರುಳಿನಿಂದ ನೀರನ್ನು ಹೊರಕ್ಕೆ ಸುರಿಸುವುದಾದರೂ, ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೆ ಹೋಗುವ ಈ ಬಾಗಿಲನ್ನು ಮುಚ್ಚಲಾರದು. 1968ರಲ್ಲಿ ನಲಿನ್ ಮತ್ತು ಕ್ಯಾಶ್ ಎಂಬ ವೈದ್ಯರು ಢಾಕಾದಲ್ಲಿ ಇದನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಪ್ರವಾಹದಂತೆ ಬಂದಾಗ, ಬಂಗಾಂವ್ ಶಿಬಿರದಲ್ಲಿ ಸಿರೆಗೆ ಕೊಡುವ ಲವಣದ್ರವವು ಮುಗಿಯುತ್ತ ಬಂದಿತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಧೈರ್ಯಮಾಡಿ, ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆಸೋಡ ಸೇರಿಸಿ ಕುಡಿಸಲು ಏರ್ಪಡಿಸಿದರು. ತಾಯಂದಿರೂ ಬಂಧುಗಳೂ ಲೋಟದಲ್ಲಿ ಕುಡಿಸಿದರು. ಅದುವರೆಗೆ ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಶಿಕ್ಷಕ ಬಂಧುಗಳು ಇದನ್ನು ಕೇವಲ ಪರೀಕ್ಷೆಯ ಪ್ರಶ್ನೆಯಾಗಿ ಬೋಧಿಸದಿರಲಿ. ವಿದ್ಯಾರ್ಥಿಗಳೂ ಒಂದು ಮಾತನ್ನು ಮನೆಗೆ ಕೊಂಡೊಯ್ಯಲಿ: ಭೇದಿಯಾದ ಮಗುವಿಗೆ ನೀರು ನಿಲ್ಲಿಸಬಾರದು, ಶುದ್ಧವಾದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಳತೆ ಮಾತ್ರ ಮೀರಬಾರದು. ಮೀರಿದರೆ, ಉಪ್ಪು ಮಾವಿನ ಹೋಳಿನಿಂದ ನೀರನ್ನು ಸೆಳೆದಂತೆ, ಆ ಪಾನಕವೇ ಮಗುವಿನ ದೇಹದ ನೀರನ್ನು ಕರುಳಿಗೆ ಸೆಳೆದೀತು.